ನಮ್ಮ ಬಸ್ಸಮ್ಮನಿಗೆ ಬಿದ್ದ ಒಂದು ವೋಟು

ನಮ್ಮೂರ ಓಡೆಟ್ ಇಪ್ಪತ್ತಾರು ವರ್ಷದಿಂದ ಸ್ಕೂಲ್ ಬಸ್ ಓಡಿಸ್ತಾಳೆ. ಊರಿಗೆಲ್ಲ ಅವಳು ಬಸ್ಸಮ್ಮ. ಹಿಮ ಮೊಣಕಾಲುದ್ದ ಬಿದ್ದರೂ ಬೆಳಿಗ್ಗೆ ಏಳಕ್ಕೆ ಹಾರ್ನ್ ಹೊಡೆದು, ಏಳದ ಮಗುವಿನ ಜೊತೆ ಅದರ ಅಪ್ಪನಿಗೂ ಸೇರಿಸಿ ಬೈಯುವವಳು.

ಚುನಾವಣೆ ಇದ್ದ ಆ ವರ್ಷ, ಸೆಪ್ಟೆಂಬರಿನಲ್ಲಿ ಹೊಳೆ ಸೇತುವೆ ಬಿರುಕು ಬಿಟ್ಟಿದೆ ಅಂತ ಮುಚ್ಚಿಬಿಟ್ಟರು. ಆಚೆ ದಡದ ಮಕ್ಕಳು ಗುಡ್ಡ ಸುತ್ತಿ ಒಂದೂವರೆ ಗಂಟೆ ಬಸ್ಸಿನಲ್ಲಿ ಕೂರಬೇಕಾಯ್ತು. ಓಡೆಟ್ ನಮ್ಮ ಶಾಸಕ ಆರ್ಲೋ ಹೋಯ್ಟ್ ಹತ್ತಿರ ಮೂರು ಸಲ ಹೋದಳು. ಮೂರು ಸಲವೂ ಅವನು "ನೋಡೋಣಮ್ಮ" ಅಂದ.

"ನೀನು ನೋಡ್ತಾ ಕೂತಿರು. ಈ ಸಲ ನಾನೇ ನಿಲ್ತೀನಿ!" ಅಂದು ಬಂದಳು.

ನಾಮಪತ್ರದ ಗಡುವು ಜೂನ್‌ನಲ್ಲೇ ಮುಗಿದಿತ್ತು. ಆದರೆ ನಮ್ಮ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮತಪತ್ರದಲ್ಲಿ ಒಂದು ಖಾಲಿ ಗೆರೆ ಬಿಟ್ಟಿರ್ತಾರೆ. ಬೇಕಾದವರ ಹೆಸರನ್ನು ಅಲ್ಲಿ ಕೈಯಾರೆ ಬರೆದು ವೋಟು ಹಾಕಬಹುದು. ಫಜೀತಿ ಏನಪ್ಪಾ ಅಂದ್ರೆ, ಅವಳ ಮನೆತನದ ಹೆಸರು ಡೆರೋಶೆ. ಫ್ರೆಂಚರ ಹೆಸರು; ಬರೆಯೋದು ಇಂಗ್ಲಿಷಿನ ಹತ್ತು ಅಕ್ಷರ, ಬಾಯಿಗೆ ಬರೋದು ಅದರಲ್ಲಿ ಅರ್ಧ.

ನಾನಿರುವಾಗ ಯಾಕೆ ಭಯ? ನಲವತ್ತು ವರ್ಷ ಈ ಊರಿಗೆ ಸ್ಪೆಲ್ಲಿಂಗ್ ಕಲಿಸಿದವಳು, ಮಿಲಿಸೆಂಟ್ ಟೀಚರ್. ಮನೆಮನೆಗೆ ಹೋಗಿ, ಅಜ್ಜಂದಿರನ್ನೂ ಬಿಡದೆ ಹತ್ತತ್ತು ಸಲ ಬರೆಸಿದೆ. ತಪ್ಪಿದವರಿಗೆ ಚೆನ್ನಾಗಿ ಉಗಿದೆ.

ಎಣಿಕೆಯಲ್ಲಿ ಇಬ್ಬರಿಗೂ ಆರುನೂರ ಹನ್ನೊಂದು! ಒಂದೇ ಒಂದು ಮತಪತ್ರದ ಮೇಲೆ ತಕರಾರು. ತೀರ್ಮಾನಕ್ಕೆ ರಾಜಧಾನಿ ಕಾನ್ಕರ್ಡಿಗೆ ಓಡೆಟ್‌ಳ ಬಸ್ಸಿನಲ್ಲೇ ಹೋದೆವು. ದಾರಿಯುದ್ದಕ್ಕೂ ಅವಳ ಬಾಯಿಂದ ಒಂದು ಬೈಗುಳವೂ ಬರಲಿಲ್ಲ. ನನಗೆ ಅದೇ ಹೆದರಿಕೆ.

"ಇದರಲ್ಲಿ ಹೆಸರೇ ಇಲ್ಲ. 'ನಮ್ಮ ಬಸ್ಸಮ್ಮ' ಅಂತಷ್ಟೇ ಇದೆ," ಅಂದ ಅಧಿಕಾರಿ.

"ಅಯ್ಯೋ, ಯಾವ ಮುಠ್ಠಾಳರ ಕೆಲಸ ಇದು!" ಅಂದೆ ನಾನು, ಸಭೆಗೆಲ್ಲ ಕೇಳುವ ಹಾಗೆ.

ಅವನು ಕಾಗದ ಎತ್ತಿ ತೋರಿಸಿದ. ಗುಂಡಗೆ, ಮುತ್ತಿನ ಹಾಗಿರುವ ಅಕ್ಷರ. ನನ್ನದೇ! ವೋಟಿನ ದಿನ ಪೆನ್ಸಿಲ್ ಹಿಡಿದಾಗ ಖುಷಿಯಿಂದ ಉಬ್ಬಿಹೋಗಿದ್ದೆ ನೋಡಿ, ಕೈ ತನಗೆ ಬಾಯಿಪಾಠ ಆಗಿದ್ದನ್ನೇ ಬರೆದುಬಿಟ್ಟಿದೆ. ಊರಿನವರೆಲ್ಲ ನನ್ನ ಕಡೆ ತಿರುಗಿದರು. ಆ ಅಕ್ಷರ ಗೊತ್ತಿಲ್ಲದ ಒಂದು ನರಪಿಳ್ಳೆಯೂ ಅಲ್ಲಿರಲಿಲ್ಲ. ನಾಚಿಕೆಯಿಂದ ಸತ್ತೇಹೋದೆ.

"ಹೋಯ್ಟ್ ಅವರೇ, ನಿಮ್ಮ ಆಕ್ಷೇಪಣೆ ಇದೆಯಾ?" ಅಂತ ಅಧಿಕಾರಿ ಕೇಳಿದ.

ಆರ್ಲೋ ಆ ಕಾಗದವನ್ನು ನೋಡಿದ. ಆಮೇಲೆ ನನ್ನನ್ನು. ಮೂರನೇ ಕ್ಲಾಸಿನಲ್ಲಿ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದು ಒಂದೆರಡು ಸಲವಾ?

"ಇದೇ ಕೈ ನನ್ನ ನೋಟ್‌ಬುಕ್ ತುಂಬ ಕೆಂಪು ಗೀಟು ಎಳೆದಿದೆ, ಸ್ವಾಮಿ," ಅಂದ. ಮುಖ ಅಗಲವಾಗಿ ಅರಳಿತು. "ಟೀಚರ್ ತಪ್ಪು ಬರೆದದ್ದನ್ನ ನೋಡೋಕೆ ಐವತ್ತು ವರ್ಷ ಕಾದಿದೀನಿ. ಬಸ್ಸಮ್ಮ ಅಂದ್ರೆ ನಮ್ಮೂರಿಗೆಲ್ಲ ಒಬ್ಳೇ. ಅವಳಿಗೇ ಹಾಕಿ."

ಓಡೆಟ್ ಎದ್ದವಳೇ ಅವನನ್ನು ತಬ್ಬಿಕೊಂಡಳು, ಅಳುತ್ತಾ, "ಕತ್ತೆ!" ಅಂತ ಬೈಯುತ್ತಾ.

ವಿಧಾನಸಭೆಯಲ್ಲಿ ಅವಳು ಎರಡು ವರ್ಷ ಯಾರನ್ನೂ ನೆಮ್ಮದಿಯಾಗಿ ಕೂರಲು ಬಿಡಲಿಲ್ಲ. ಹೋದ ಸೋಮವಾರ ಸೇತುವೆ ತೆರೆಯಿತು. ಶಾಸಕಿಯಾದರೂ ಬಸ್ ಓಡಿಸೋದು ಬಿಡದ ಅವಳದ್ದೇ ಮೊದಲ ಬಸ್ಸು. ಮುಂದಿನ ಸೀಟಿನಲ್ಲಿ ನಾನು ಮತ್ತು ಆರ್ಲೋ, ಹಿಂದೆ ಕಿರುಚಾಡುವ ಮಕ್ಕಳು. ನಡುಸೇತುವೆಯಲ್ಲಿ ಬಸ್ ನಿಲ್ಲಿಸಿ ಮಂಜು ಕವಿದ ಕಿಟಕಿ ತೋರಿಸಿದಳು.

"ಟೀಚರ್, ನನ್ನ ಹೆಸರು ಬರೀರಿ, ನೋಡೋಣ."

ಬೆರಳಿನಿಂದ ಒಂದೊಂದೇ ಅಕ್ಷರ ಜೋಡಿಸಿ ಬರೆದೆ. ಆರ್ಲೋ ಬಗ್ಗಿ ಎಣಿಸಿದ.

"ಒಂಬತ್ತೇ ಇದೆ, ಟೀಚರ್. ಏಳಿ, ಬೆಂಚಿನ ಮೇಲೆ ನಿಂತ್ಕೊಳ್ಳಿ!"