ಹಿಂಬಾಗಿಲ ಕೆಂಪು ಹಿಡಿ

ವಿಮಾನದಲ್ಲಿ ಜೊತೆಗೆ ಕೆಲಸ ಮಾಡುವವರೆಲ್ಲ ಅವಳನ್ನು ‘ಗಾಬರಿ’ ಎಂದೇ ಕರೆಯುತ್ತಿದ್ದರು. ಪ್ರಯಾಣಿಕರ ಬೆಲ್ಟು, ತಿಂಡಿ ಗಾಡಿಯ ಕೊಂಡಿ, ಯಾವುದನ್ನೂ ಒಮ್ಮೆ ನೋಡಿದರೆ ಅವಳಿಗೆ ಸಮಾಧಾನವಿಲ್ಲ. ಮನೆಯಲ್ಲೂ ಅಷ್ಟೇ. ಚಪ್ಪಲಿ ಮೆಟ್ಟಿದವಳು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮತ್ತೆ ಒಳಗೆ ಓಡುತ್ತಿದ್ದಳು.

“ಆ ಒಲೆಗೂ ನಿನ್ನ ಮುಖ ನೋಡಿ ನೋಡಿ ಬೇಜಾರಾಗಿರುತ್ತೆ ಕಣೇ” ಎಂದು ಗಂಡ ರೇಗಿಸುತ್ತಿದ್ದ.

ಬಾಣಂತನದ ರಜೆ ಮುಗಿಸಿ ಮರಳಿದ ಮೊದಲ ದಿನ ಅವಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು: ಇನ್ನು ಅಕ್ಕನ ಹಾಗಿರಬೇಕು. ಅಕ್ಕ ಎಂದರೆ ಅವಳ ಹಿರಿಯ ಸಹೋದ್ಯೋಗಿ. ಈ ಕೆಲಸ ಆಕೆಗೆ ನೀರು ಕುಡಿದಷ್ಟು ಸಲೀಸು. ಮನೆಯಲ್ಲಿ ಮಗುವಿಗೆ ಜ್ವರ. ಇವತ್ತೇ ಎಡವಿದರೆ, “ಮಗು ದೊಡ್ಡದಾಗೋ ತನಕ ಮನೇಲೇ ಇರು” ಎನ್ನುವ ಅತ್ತೆಗೆ ಹೇಳಲು ಅವಳ ಬಳಿ ಏನೂ ಉಳಿಯುತ್ತಿರಲಿಲ್ಲ.

ವಿಮಾನ ಇಳಿದು ನಿಂತಿತು. ಹಿಂಬದಿಯ ಎರಡು ಬಾಗಿಲುಗಳಲ್ಲಿ ಒಂದರ ಬಳಿ ಅವಳು, ಎದುರಿನದರ ಬಳಿ ಅಕ್ಕ. ಹಾರುವಾಗ ಪ್ರತಿ ಬಾಗಿಲಿಗೂ ಒಂದು ಜಾರುಬಂಡೆ ಜೋಡಿಸಿರುತ್ತಾರೆ. ಹಾಗೇ ಬಾಗಿಲು ತೆರೆದರೆ ಅದು ಗಾಳಿ ತುಂಬಿಕೊಂಡು ಢಮ್ಮನೆ ಹೊರಗೆ ಚಿಮ್ಮುತ್ತದೆ. ಆಪತ್ತಿನಲ್ಲಿ ಜೀವ ಉಳಿಸುವ ವಸ್ತು. ಹೊರಗೆ ಮೆಟ್ಟಿಲ ಮೇಲೆ ನಿಂತವನಿಗೆ ಮಾತ್ರ ಪ್ರಾಣಕ್ಕೇ ಕುತ್ತು. ಆದ್ದರಿಂದ ಇಳಿದ ಕೂಡಲೇ ಕೆಂಪು ಹಿಡಿಯನ್ನು ಮೇಲೆತ್ತಿ ಅದನ್ನು ಬಿಡಿಸಬೇಕು. ಎದುರು ಬಾಗಿಲಿನವಳ ಹಿಡಿಯನ್ನೂ ಕಣ್ಣಾರೆ ನೋಡಿ ಹೆಬ್ಬೆರಳು ತೋರಿಸಬೇಕು.

“ಹಲ್ಲು ಬರೋವಾಗಿನ ಜ್ವರ, ಏನಾಗಲ್ಲ ಬಿಡೇ. ನನ್ನ ಮಗ ಅಂತೂ...” ಎನ್ನುತ್ತಲೇ ಅಕ್ಕ ಹೆಬ್ಬೆರಳು ಎತ್ತಿದಳು. ಇವಳೂ ತನ್ನ ಹಿಡಿ ಎತ್ತಿ, ನಗುತ್ತ ಹೆಬ್ಬೆರಳು ತೋರಿಸಿದಳು. ಅಬ್ಬಾ, ಎಷ್ಟು ಸುಲಭ!

ಮೆಟ್ಟಿಲ ಗಾಡಿಯವನು ಹೊರಗಿನಿಂದ ತಟ್ಟಿದ. ಅಕ್ಕ ಬಾಗಿಲಿಗೆ ಕೈ ಹಾಕಿದಳು.

ಅಲ್ಲ, ನಾನೀಗ ನೋಡಿದ್ದೇನನ್ನು? ಅಕ್ಕನ ಹೆಬ್ಬೆರಳನ್ನು. ಉಗುರಿನ ಬಣ್ಣ ಸಹ ನೆನಪಿದೆ. ಹಿಡಿ ಮಾತ್ರ ನೆನಪಿಲ್ಲ.

“ಅಕ್ಕಾ, ಕೈ ತೆಗಿ!”

ಆ ಕೂಗಿಗೆ ಕೊನೆಯ ಸಾಲಿನಲ್ಲಿದ್ದ ಅಜ್ಜ ಬೆಚ್ಚಿ ತನ್ನೆರಡೂ ಕೈ ಮೇಲೆತ್ತಿದ. ಅಕ್ಕ ಕೆಳಗೆ ನೋಡಿದಳು. ಕೆಂಪು ಹಿಡಿ ಕೆಳಗೇ ಇತ್ತು. ಕಿಟಕಿಯಾಚೆ ಮೆಟ್ಟಿಲ ಗಾಡಿಯವನು ಆಕಳಿಸುತ್ತ ನಿಂತಿದ್ದ.

ಅಕ್ಕ ಹಿಡಿ ಎತ್ತಿದಳು. ಬಾಗಿಲು ತೆರೆಯಿತು, ಜನ ಇಳಿದು ಹೋದರು.

“ಏನೂ ಆಗ್ಲಿಲ್ವಲ್ಲ...” ಎಂದಳು ಅಕ್ಕ.

“ನಾನೂ ನೋಡ್ದೇನೇ ಬೆರಳೆತ್ತಿದ್ದೆ ಅಕ್ಕ. ಬಾ, ಇಬ್ರೂ ಹೋಗಿ ಕ್ಯಾಪ್ಟನ್‌ಗೆ ಹೇಳೋಣ.”

ಕೆಲಸ ಹೋಯಿತೆಂದೇ ಅಂದುಕೊಂಡು ಅವಳು ಹೇಳಿದಳು. ಕ್ಯಾಪ್ಟನ್ ಪೂರ್ತಿ ಕೇಳಿಸಿಕೊಂಡ. “ಇಬ್ರೂ ಬಾಗಿಲಿನ ತರಬೇತಿ ಮತ್ತೆ ಮಾಡ್ಬೇಕಾಗುತ್ತೆ. ಬಂದು ಹೇಳಿದ್ರಲ್ಲ, ಒಳ್ಳೇದಾಯ್ತು” ಎಂದ.

ಅವಳು ಮನೆಗೆ ಫೋನ್ ಮಾಡಿದಳು. “ಜ್ವರ ಇಳಿದಿದೆ ಕಣಮ್ಮ” ಎಂದರು ಅತ್ತೆ. “ಹತ್ತು ಸಲ ಹಣೆ ಮುಟ್ಟಿ ನೋಡ್ದೆ. ನಿನ್ನ ಗಾಳಿ ನನಗೂ ಬೀಸಿದೆ! ಅದಿರಲಿ, ನಾಳೆ ಎಷ್ಟೊತ್ತಿಗೆ ಡ್ಯೂಟಿ? ಮಗೂನ ನಾನು ನೋಡ್ಕೋತೀನಿ.”

ಮರಳಿ ಹೊರಡುವ ಹೊತ್ತಾಯಿತು. ಬಾಗಿಲುಗಳು ಮುಚ್ಚಿದವು. ಜಾರುಬಂಡೆಯನ್ನು ಮತ್ತೆ ಜೋಡಿಸಲು ಈಗ ಹಿಡಿಯನ್ನು ಕೆಳಗಿಳಿಸಬೇಕು.

“ಏ ಗಾಬರಿ, ಬೆರಳು ಬೇಡ, ಬಾಯಿ ಬಿಟ್ಟು ಹೇಳು. ನನ್ನ ಹಿಡಿ ಎಲ್ಲಿದೆ?”

“ಕೆಳಗಿದೆ ಅಕ್ಕ.”

“ಇನ್ನೊಂದ್ಸಲ ನೋಡು.”

ಅವಳು ಖುಷಿಯಿಂದಲೇ ಬಗ್ಗಿ ಇನ್ನೊಂದು ಸಲ ನೋಡಿದಳು.