ಮುಂದಿನವನಿಗಾಗಿ ಇಟ್ಟ ಕಾರು

ಹೊಸ ಸೋಫಾಕ್ಕೆ ಹೊದಿಸಿ ಬಂದ ಪ್ಲಾಸ್ಟಿಕ್ಕನ್ನು ತೆಗೆಯದೆ ಅದರ ಮೇಲೆಯೇ ಕೂತು ಬೆವರುವ ಮನೆಗಳು ಜಯನಗರದಲ್ಲಿ ಹಲವುಂಟು. ನೀವೂ ಅಂಥ ಸೋಫಾದಿಂದ ಏಳುವಾಗ ಎದ್ದ ಪರಪರ ಸದ್ದಿಗೆ ನಾಚಿಕೊಂಡಿರಬಹುದು. ನನ್ನ ಭಾವ ಆ ಸಂಪ್ರದಾಯವನ್ನು ನಾಲ್ಕು ಚಕ್ರಗಳ ಮೇಲೆ ಏರಿಸಿದವರು. ಅವರ ಐಷಾರಾಮಿ ಎಸ್‌ಯುವಿಯ ತೊಗಲಿನ ಸೀಟುಗಳು ವರ್ಷಗಳು ಕಳೆದರೂ ಪ್ಲಾಸ್ಟಿಕ್ಕಿನಿಂದ ಹೊರಬರಲಿಲ್ಲ. ಕೇಳಿದರೆ ಒಂದೇ ಮಾತು: "ರೀಸೇಲ್ ಚೆನ್ನಾಗಿರುತ್ತೆ ಕಣೋ."

ರೀಸೇಲ್! ಬನಶಂಕರಿಯಿಂದ ಜೆ.ಪಿ. ನಗರದವರೆಗೆ ನಮ್ಮವರು ಇಷ್ಟು ಭಕ್ತಿಯಿಂದ ಜಪಿಸುವ ಮಂತ್ರ ಇನ್ನೊಂದನ್ನು ನಾನು ಕಾಣೆ. ಮೋಕ್ಷಕ್ಕಾಗಿ ಸಂಸಾರಸುಖವನ್ನು ತೊರೆದವರ ಬಗ್ಗೆ ಕೇಳಿದ್ದೇನೆ; ಮುಂದೆಂದೋ ಬರಲಿರುವ ಮುಖ ಕಾಣದ ಗಿರಾಕಿಗಾಗಿ ತಮ್ಮ ಸುಖವನ್ನು ತೊರೆದವರೆಂದರೆ ಭಾವ ಒಬ್ಬರೇ. ಆ ಕಾರಿನೊಳಗೆ ಕಡಲೆಕಾಯಿ ತಿನ್ನುವಂತಿಲ್ಲ, ಒದ್ದೆ ಕೊಡೆ ತರುವಂತಿಲ್ಲ. ಮೋಡ ಕವಿದರೆ ಕಾರಿಗೆ ಶೀತವಾದೀತೆಂದು ಮನೆಮಂದಿಯೆಲ್ಲ ಆಟೊ ಹತ್ತಬೇಕು. ಆದರೆ ಬೆಲೆ ಎಂಬುದಕ್ಕೆ ಈ ತ್ಯಾಗದ ಗೊಡವೆಯೇ ಇರಲಿಲ್ಲ. ಅದು ಶೋರೂಮಿನ ಗೇಟು ದಾಟಿದ ದಿನವೇ ಇಳಿಯಲು ಶುರುಮಾಡಿತ್ತು. ವಿಮೆ, ಸರ್ವೀಸು, ಬ್ಯಾಂಕಿನ ಕಂತು ಮಾತ್ರ ಕರೆಯದ ನೆಂಟರ ಹಾಗೆ ತಪ್ಪದೆ ಬರುತ್ತಿದ್ದವು.

ಇದರಲ್ಲಿ ನಿಜವಾಗಿ ನೊಂದವಳು ಅಕ್ಕ. ಈ ಕಾರನ್ನು ಓಡಿಸಬೇಕೆಂದೇ ಡ್ರೈವಿಂಗ್ ಸ್ಕೂಲಿಗೆ ಸೇರಿ, ಬಿಟಿಎಂ ಲೇಔಟಿನ ಸಂದಿಗೊಂದಿಗಳಲ್ಲಿ ಎಲ್ಲರಿಂದ ಬೈಸಿಕೊಂಡು ಕಲಿತು, ಲೈಸೆನ್ಸ್ ಪಡೆದಿದ್ದಳು. ಬೇಗೂರಿನ ನಾಗೇಶ್ವರನ ಗುಡಿಗೆ ಒಮ್ಮೆ ತಾನೇ ಓಡಿಸಿಕೊಂಡು ಹೋಗಬೇಕು, ಅಷ್ಟೇ ಅವಳ ಆಸೆ. "ಲೇಡೀಸ್ ಕೈಗೆ ಕೊಟ್ರೆ ರೀಸೇಲ್ ಗೋವಿಂದ," ಎನ್ನುತ್ತ ಭಾವ ಕೀಲಿಯನ್ನು ಜೇಬಿಗಿಳಿಸುತ್ತಿದ್ದರು. ಅಕ್ಕ ನಕ್ಕು ಆಟೊ ಕರೆಯಲು ಹೋಗುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು.

ಕಡೆಗೆ ಭಾವನಿಗೆ ಹೊಸ ಮಾಡೆಲ್ಲಿನ ಮೋಹ ಹತ್ತಿತು. ಹಳೆಯದನ್ನು ಮಾರಲು ಸುದ್ದಗುಂಟೆಪಾಳ್ಯದಿಂದ ದಲ್ಲಾಳಿಯೊಬ್ಬನನ್ನು ಕರೆಸಿದರು. ಅಕ್ಕನೂ ನಾನೂ ಅಲ್ಲೇ ಇದ್ದೆವು. ಅವನು ಕಾರನ್ನು ಸುತ್ತಿ, ತಟ್ಟಿ, ಪ್ಲಾಸ್ಟಿಕ್ಕನ್ನು ನೋಡಿ ನಸುನಕ್ಕ.

"ಗಾಡಿ ಸಖತ್ತಾಗಿದೆ ಸಾರ್. ಆದ್ರೆ ಮಾಡೆಲ್ ಹಳೇದಾಯ್ತು, ಅರ್ಧ ರೇಟೂ ಹುಟ್ಟಲ್ಲ."

ಭಾವನ ಮುಖ ಪೆಚ್ಚಾಯಿತು. ದಲ್ಲಾಳಿಯೇ ಸಮಾಧಾನ ಹೇಳಿದ: "ಒಂದ್ ಕೆಲ್ಸ ಮಾಡಣ. 'ಲೇಡಿ ಡ್ರಿವನ್' ಅಂತ ಆಡ್ ಹಾಕ್ತೀನಿ. ಹೆಂಗಸ್ರು ಓಡ್ಸಿರೋ ಗಾಡಿ ಅಂದ್ರೆ ನಾಜೂಕಾಗಿ ಇಟ್ಕೊಂಡಿರ್ತಾರೆ ಅಂತ ಜನ ನಾಲ್ಕು ಕಾಸು ಜಾಸ್ತಿ ಕೊಡ್ತಾರೆ. ಯಾರಾದ್ರೂ ಕೇಳಿದ್ರೆ ನೀವೇ ಓಡಿಸ್ತಿದ್ರಿ ಅಂದ್ಬಿಡಿ ಮೇಡಂ."

ಇಷ್ಟು ವರ್ಷ ಹೆಂಡತಿಯ ಕೈಯಿಂದ ಕಾಪಾಡಿದ ರೀಸೇಲ್ ಈಗ ಅವಳ ಕೈಯಲ್ಲೇ ಇತ್ತು. ಭಾವ ಆಸೆಯಿಂದ ಅವಳತ್ತ ನೋಡಿದರು. ಅಕ್ಕ ಕೈ ಚಾಚಿದಳು.

"ಸುಳ್ಳು ಹೇಳೋಕೆ ನಂಗೆ ಬರಲ್ಲ. ಕೀ ಕೊಡಿ, ನಿಜ ಮಾಡ್ಕೊಂಡ್ ಬರ್ತೀನಿ."

ದಲ್ಲಾಳಿಯ ಎದುರು ಭಾವ ಕೊಡದೆ ಏನು ಮಾಡಿಯಾರು? ಅಕ್ಕ ಡ್ರೈವರ್ ಸೀಟಿನ ಪ್ಲಾಸ್ಟಿಕ್ಕನ್ನು ಸುಲಿದು ಎಸೆದು ಹೊರಟೇಬಿಟ್ಟಳು. ಸಂಜೆ ಹಿಂದಿರುಗಿದಾಗ ಅವಳ ಹಣೆಯಲ್ಲಿ ವಿಭೂತಿಯಿತ್ತು, ಎಡಬಾಗಿಲ ಮೇಲೆ ಬೇಗೂರಿನ ಗಲ್ಲಿಯ ಗೋಡೆ ಎಳೆದ ಒಂದು ಗೀರಿತ್ತು. ಅವಳನ್ನು ಅಷ್ಟು ಖುಷಿಯಲ್ಲಿ ನಾನು ನೋಡಿ ಎಷ್ಟೋ ಕಾಲವಾಗಿತ್ತು.

ಮರುದಿನ ಬಂದ ದಲ್ಲಾಳಿ ಆ ಗೀರನ್ನು ಸವರಿ, ಇದಕ್ಕೆ ಬೆಲೆಯಲ್ಲಿ ಇನ್ನೊಂದಿಷ್ಟು ಮುರಿದುಕೊಳ್ಳಬೇಕಾಗುತ್ತದೆ ಎಂದ. ಭಾವ ಅಕ್ಕನ ಮೇಲೆ ಹಾರಿಬಿದ್ದರು.

"ಬೈಬೇಡ್ರೀ," ಎಂದಳು ಅಕ್ಕ. "ಇಳಿದ ಬೆಲೇಲಿ ಈ ಗೀರಿನಷ್ಟು ಮಾತ್ರ ನನ್ನ ಸುಖಕ್ಕೆ ಹೋಗಿದ್ದು. ಮಿಕ್ಕಿದ್ದೆಲ್ಲ ಗಾಡಿ ನಿಂತಲ್ಲೇ ಹೋಯ್ತು."