ಅಜ್ಜನ ಬೀಟೆ ಹಲಗೆ

ಎಲೆಕ್ಟ್ರಿಕ್ ಗಿಟಾರಿಗೆ ಮರ ಯಾವುದಾದರೇನು, ಸದ್ದು ಬರುವುದು ತಂತಿಯಿಂದ ಎಂದು ನಂಬಿದವರು ಪುಣ್ಯವಂತರು. ಅವರ ಭಾನುವಾರಗಳು ಉಳಿಯುತ್ತವೆ. ನನ್ನವು ಉಳಿಯಲಿಲ್ಲ. ತೊಂಬತ್ತರ ದಶಕದ ನಡುವಿನಲ್ಲಿ ನಾನು ವಡೋದರದ ಮಕರಪುರದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ನವರಾತ್ರಿ ಬಂತೆಂದರೆ ಗರ್ಬಾ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುವವನು. ಅಂಗಡಿಯ ಗಿಟಾರ್ ಸಾಲದೆಂಬ ಹುಚ್ಚು ಹಿಡಿದು, ನನ್ನದೇ ನಕ್ಷೆಯಲ್ಲಿ ಒಂದನ್ನು ಮಾಡಿಸಲು ಹೊರಟೆ.

ಒಪ್ಪಿಕೊಂಡವರು ನಮ್ಮ ಇಂಡಸ್ಟ್ರಿಯಲ್ ಎಸ್ಟೇಟಿನ ಒಬ್ಬ ಮಿಸ್ತ್ರಿ. ಎರಕದ ಕೆಲಸಕ್ಕೆ ಮರದ ಅಚ್ಚು ಕೊರೆಯುವ ಕೈ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಅವರಿಗೆ ಊಟ ಸೇರದು. ಎಲ್ಲರಂತೆ ನಾನೂ ಕಾಕಾ ಎನ್ನುತ್ತಿದ್ದೆ. ಒಡಲಿಗೆ ಸೂರತ್ತಿನಲ್ಲಿ ಕೆಡವಿದ ಹಳೆಮನೆಯ ತೇಗದ ತೊಲೆ, ತಂತಿ ಹಾಯುವ ಉದ್ದನೆ ಕತ್ತಿಗೆ ಗೆರೆ ನೆಟ್ಟಗಿರುವ ಪಟ್ಟಿ ಎಂದು ತೀರ್ಮಾನಿಸಿದರು. ನನಗೋ ಮೈಯೆಲ್ಲ ಅಲೆಯಾಡುವ ಚಿತ್ತಾರದ ಮರವೇ ಬೇಕು. ಅದು ಕತ್ತಿಗೆ ಬೇಡ, ಇವತ್ತಲ್ಲ ನಾಳೆ ತಿರುಚಿಕೊಳ್ಳುತ್ತದೆ ಎಂದರು. ಕೊನೆಗೆ ಒಡಲಿನ ಮೇಲುಹೊದಿಕೆಗೆ ಮಾತ್ರ ಹಾಕುವುದೆಂದು ರಾಜಿಯಾಯಿತು.

ಅಹಮದಾಬಾದಿನ ಮರದಂಗಡಿಗಳಲ್ಲಿ ಕಾಕಾ ಒದ್ದೆ ಬಟ್ಟೆಯಿಂದ ಹಲಗೆ ಹಲಗೆಯನ್ನೂ ಒರೆಸಿದರು. ಒದ್ದೆಯಾದರೆ ಮರ ಒಳಗಿನ ಗೆರೆ ತೋರಿಸುತ್ತದಂತೆ. ಟ್ರೀಟ್ ಮಾಡಿದ್ದು, ನೂರು ವರ್ಷ ಹುಳ ಹಿಡಿಯದು ಎಂದು ಒಬ್ಬ ಅಂಗಡಿಯವ ಕೊಚ್ಚಿಕೊಂಡ. ಅವನು ತೋರಿಸಿದ ಹಲಗೆಯಿಂದಲೇ ಹಿಟ್ಟು ಉದುರುತ್ತಿತ್ತು. ನಾಲ್ಕು ತಿಂಗಳು ಅಲೆದರೂ ಒಂದೂ ಒಪ್ಪಿಗೆಯಾಗಲಿಲ್ಲ.

ಆಗ ಅವ್ವ ಬಾಯಿ ಹಾಕಿದಳು. ಮಂಜಲ್‌ಪುರದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಅವಳ ಮದುವೆಯ ಮಂಚವನ್ನು ಬಿಚ್ಚಿ ಗೋಣಿತಾಟಿನಲ್ಲಿ ಸುತ್ತಿಟ್ಟಿದ್ದೆವು. ಧಾರವಾಡದಿಂದ ಬಂದದ್ದು. ನಾಲ್ಕು ಹೆಣ್ಣುಮಕ್ಕಳಲ್ಲಿ ಇವಳೊಬ್ಬಳಿಗೇ ಅವಳಪ್ಪ ಬೀಟೆಯ ಮಂಚ ಮಾಡಿಸಿಕೊಟ್ಟನಂತೆ. ಈ ಮಾತನ್ನು ನಾನು ಹುಟ್ಟಿದಂದಿನಿಂದ ಕೇಳಿದ್ದೇನೆ. ಅಂಗಡಿ ಕಟ್ಟಿಗೆಗೆ ಯಾಕೆ ಅಲೆಯುತ್ತೀ ಎಂದು ತಲೆದೆಸೆಯ ಹಲಗೆಯನ್ನು ತಾನಾಗಿಯೇ ಕೊಟ್ಟಳು. ಕೊಟ್ಟಳು ಎನ್ನುವುದಕ್ಕಿಂತ ದಯಪಾಲಿಸಿದಳು.

ಕಾಕಾ ಎರಡು ಸಲ ಉಜ್ಜುಗೊರಡು ಹಾಕಿದ್ದೇ ತಡ, ಕಪ್ಪು ಬಣ್ಣ ಎದ್ದುಹೋಗಿ ಕೆಳಗೆ ಅರಿಸಿನದಂಥ ಹಳದಿ ಕಂಡಿತು. ಬೀಟೆಯೂ ಇಲ್ಲ ಗೀಟೆಯೂ ಇಲ್ಲ, ಶುದ್ಧ ಹಲಸು. ಆದರೆ ಎಂಥ ಹಲಸು! ಒದ್ದೆ ಬಟ್ಟೆ ಆಡಿಸಿದರೆ ಈ ಅಂಚಿನಿಂದ ಆ ಅಂಚಿಗೆ ಅಲೆಯೋ ಅಲೆ. ಕಾಕಾಗೆ ಹಿಡಿಸಲಾರದಷ್ಟು ಖುಷಿ. ಮೊದಲು ಬಾಗೆ, ಅಂದರೆ ನಮ್ಮವ್ವನಿಗೆ, ತೋರಿಸಿ ಬಾ ಎಂದು ಅವರೇ ನನ್ನನ್ನು ಕಳಿಸಿದರು.

ಅವ್ವ ನೋಡಿದಳು, ಮೂಸಿದಳು, ಉಗುರಿನಿಂದ ಕೆರೆದಳು.

"ಇದು ನಮ್ಮದಲ್ಲ. ಆ ಬಡಿಗ್ಯಾ ಬದಲ್ ಮಾಡ್ಯಾನ. ಹೋಗಿ ಗದರಿಸಿ, ನಮ್ಮ ಹಲಗಿ ಇಸಗೊಂಡು ಬಾ."

ಮೇಲಿದ್ದದ್ದು ಬರೀ ಬಣ್ಣ, ಹಲಸೆಂದರೆ ವೀಣೆ ಮಾಡುವ ಮರ ಎಂದೆಲ್ಲ ಹೇಳಿದೆ. ಹಾಗಾದರೆ ನಮ್ಮಪ್ಪ ನನಗೆ ಸುಳ್ಳು ಹೇಳಿದನೇನು ಎಂದು ಕೇಳಿದಳು. ಅವಳ ಕಣ್ಣು ತುಂಬಿತ್ತು. ಹೂಂ ಎನ್ನುವ ಎದೆ ನನಗಿರಲಿಲ್ಲ. ಹಲಗೆ ಎತ್ತಿಕೊಂಡು ಹೊರಟೆ.

ಕಾಕಾಗೆ ಆ ಮಾತು ಹೇಳಲೂ ನಾಲಿಗೆ ಏಳಲಿಲ್ಲ. ಬಾಗೆ ಕಪ್ಪೇ ಇಷ್ಟವಂತೆ, ಗಾಢವಾಗಿ ಬಣ್ಣ ಹೊಡೆದುಬಿಡಿ ಎಂದೆ. ಅವರು ಬಹಳ ಹೊತ್ತು ಹಲಗೆಯ ಮೇಲೆ ಕೈಯಾಡಿಸುತ್ತ ಕೂತರು. ನನ್ನಿಂದ ಏನಾದರೂ ತಪ್ಪಾಯಿತೇ ಎಂದು ಕೇಳಿದರು. ಇಲ್ಲ ಎಂದೆ. ಆ ಚಿತ್ತಾರ ಪೂರ್ತಿ ಮುಚ್ಚಲು ನಾಲ್ಕು ಕೋಟು ಬೇಕಾಯಿತು.

ಗಿಟಾರ್ ಮುಗಿದ ಭಾನುವಾರ ಕಾಕಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಾವೇ ಅದನ್ನು ಮನೆಗೆ ತಂದರು. ಅವ್ವ ಕರಿಮೈಯನ್ನು ಸವರಿ ನೋಡಿದಳು, ಮುಖ ಅರಳಿತು. ಏಲಕ್ಕಿ ಹಾಕಿ ಚಹಾ ಮಾಡಿ ತಂದಳು. ಲೋಟವನ್ನು ಅವರ ಕೈಗೆ ಕೊಡುತ್ತ, ನಗುನಗುತ್ತಲೇ ನನಗೆ ಹೇಳಿದಳು:

"ನೋಡು, ಗದರಿಸಿದ ಮ್ಯಾಲೆ ಕಳ್ಳ ಹೆಂಗ ನಮ್ಮಪ್ಪನ ಬೀಟಿ ಹಲಗಿ ತಿರುಗಿ ಕೊಟ್ಟ."

"ಬಾ ಶುಂ ಕಹೇ ಛೇ?" ಬಾ ಏನು ಹೇಳುತ್ತಿದ್ದಾರೆಂದು ಕಾಕಾ ನನ್ನನ್ನು ಕೇಳಿದರು.

ನಿಮ್ಮಂಥ ಪ್ರಾಮಾಣಿಕ ಕೆಲಸಗಾರರು ಸಿಗುವುದು ಕಷ್ಟ ಎನ್ನುತ್ತಿದ್ದಾಳೆ ಎಂದೆ. ಕಾಕಾ ಲೋಟವನ್ನು ಕೆಳಗಿಟ್ಟು ಎದ್ದು ನಿಂತು, ಅವ್ವನಿಗೆ ಎರಡೂ ಕೈ ಜೋಡಿಸಿದರು.